ಭೀಮನ ಅಮಾವಾಸ್ಯೆಯೂ ಸೈರಂಧ್ರಿಯ ದೂರೂ



ಆಷಾಢ ಬಹುಳ ಅಮಾವಾಸ್ಯೆಯಂದು ನಮ್ಮ ಮನೆಗಳಲ್ಲಿ ಸುಮಂಗಲಿಯರು ಜೋಡಿ ದೀಪಗಳನ್ನಿಟ್ಟು ಪೂಜಿಸಿ, ಅರಿಶಿನದ ದಾರವನ್ನು ಕೈಗೆ ಕಟ್ಟಿಕೊಂಡು, ಪತಿಯ ಪಾದಗಳಿಗೆ ನಮಸ್ಕರಿಸುವರು. ಆ ಬಳಿಕ ಹೊಸ್ತಿಲ ಮೇಲೆ ನಾಣ್ಯ ಹುದುಗಿಸಿದ ಕಡುಬನ್ನಿಟ್ಟು ಒಡಹುಟ್ಟಿದವನಿಂದ ಮೊಣಕೈಯಲ್ಲಿ ಒಡೆಸುವರು. ಇದಕ್ಕೆ ಭಂಡಾರ ಒಡೆಯುವುದೆಂದು ಹೆಸರು. ವ್ರತದ ದೇವತೆ ಜ್ಯೋತಿರ್ಭೀಮೇಶ್ವರನೆಂದು, ಎಂದರೆ ರುದ್ರದೇವರೆಂದು, ವ್ರತಕಥೆಯಲ್ಲಿಯೇ ಸ್ಪಷ್ಟವಾಗಿದೆ. ಆದರೂ ಭೀಮನೆಂಬ ಶಬ್ದ ಕಿವಿಗೆ ಬಿದ್ದೊಡನೆ ಮಾಧ್ವನ ಮನಸ್ಸು ವಾಯುದೇವರ ದ್ವಿತೀಯಾವತಾರದ ಕಡೆಗೆ ಹರಿಯುವುದು ಸಹಜವೇ ಆಗಿದೆ. ಪತಿಯ ಆಯುಷ್ಯವನ್ನು ಪ್ರಾರ್ಥಿಸುವ ಈ ದಿನ, ಪತ್ನಿಯ ಕಷ್ಟವನ್ನು ಕೇಳಿ ಎದ್ದು ನಿಂತ ಆ ಪತಿಯನ್ನು ಸ್ಮರಿಸುವುದು ಅನುಚಿತವಾಗಲಾರದು. ಆದ್ದರಿಂದ ಈ ಸಲದ ಉಪನ್ಯಾಸಕ್ಕೆ ವಿರಾಟಪರ್ವದ ಕೀಚಕಪ್ರಸಂಗವನ್ನೇ ಆರಿಸಿಕೊಳ್ಳಲಾಗಿದೆ. ಕೇಳಿದ ಕಥೆಯೇ ಸರಿ. ಆದರೆ ಅದರಲ್ಲಿ ನಾವು ಸಾಮಾನ್ಯವಾಗಿ ಅವಸರದಿಂದ ದಾಟಿಬಿಡುವ ಭಾಗವೊಂದಿದೆ. ಕೀಚಕನ ವಧೆಯನ್ನು ಯಕ್ಷಗಾನದಲ್ಲಿಯೂ ಹರಿಕಥೆಯಲ್ಲಿಯೂ ರಾತ್ರಿಯೆಲ್ಲ ಕೇಳುವ ನಾವು, ಆ ವಧೆಗೆ ಮುಂಚೆ ದ್ರೌಪದೀದೇವಿಯರು ಯಾರು ಯಾರ ಮುಂದೆ ದೂರು ಹೇಳಿದರು, ಅವರಿಂದ ಯಾವ ಯಾವ ಉತ್ತರ ಬಂತು ಎಂಬುದನ್ನು ವಿಚಾರಿಸುವುದು ಕಡಿಮೆ.

ದ್ರೌಪದೀದೇವಿಯರು ಭಾರತೀದೇವಿಯರ ಅವತಾರವೆಂಬುದು ನಮ್ಮ ಸಂಪ್ರದಾಯದ ಸಿದ್ಧಾಂತ. ಅಂಥವರು ಅಜ್ಞಾತವಾಸದಲ್ಲಿ ಸೈರಂಧ್ರಿಯೆಂಬ ಹೆಸರಿನಿಂದ ಸುದೇಷ್ಣೆಯ ಅಂತಃಪುರದಲ್ಲಿ ಗಂಧ ತೇಯುತ್ತ ಕಾಲ ಕಳೆಯುತ್ತಿದ್ದರು. ರಾಣಿಯ ತಮ್ಮನೂ ರಾಜ್ಯದ ಸೇನಾಪತಿಯೂ ಆದ ಕೀಚಕನ ದುರ್ಬುದ್ಧಿಯು ಆ ಮನೆಯಲ್ಲಿ ಯಾರಿಗೂ ತಿಳಿಯದ ಸಂಗತಿಯೇನಲ್ಲ. ತಿಳಿದೇ ಸುದೇಷ್ಣೆಯು ಮದ್ಯ ತರುವ ನೆವದಿಂದ ಚಿನ್ನದ ಪಾತ್ರೆ ಕೊಟ್ಟು ಅವನ ಮನೆಗೆ ಅವರನ್ನು ಕಳುಹಿಸಿದಳು. ಅಲ್ಲಿ ಅವನು ಕೈಹಿಡಿದೆಳೆದಾಗ ದೇವಿಯರು ಕೊಡವಿಕೊಂಡು ಓಡಿ ರಾಜಸಭೆಗೆ ಬಂದರು. ಸಭೆಯ ನಡುವೆಯೇ ಅವನು ಬೆನ್ನಟ್ಟಿ ಬಂದು, ತುರುಬು ಹಿಡಿದು, ರಾಜನು ನೋಡುತ್ತಿರುವಂತೆಯೇ ಕಾಲಿನಿಂದ ಒದೆದನು.

ಇಲ್ಲಿಂದ ಮುಂದಿನದನ್ನು ನಿಧಾನವಾಗಿ ಪರಿಶೀಲಿಸೋಣ. ದೇವಿಯರು ಮೊದಲು ನ್ಯಾಯ ಕೇಳಿದ್ದು ರಾಜನಾದ ವಿರಾಟನನ್ನು. ಅವನು ಹೇಳಿದ್ದೇನು? ನಿಮ್ಮಿಬ್ಬರ ಕಲಹವು ನನ್ನ ಕಣ್ಣ ಹಿಂದೆ ಹುಟ್ಟಿದ್ದು, ನಿಜವನ್ನರಿಯದೆ ನಾನು ಹೇಗೆ ತೀರ್ಪು ಹೇಳಲಿ, ಎಂಬ ಅರ್ಥದ ಮಾತು. ಒದ್ದದ್ದು ಅವನ ಕಣ್ಣ ಮುಂದೆಯೇ! ಕೀಚಕನ ಬಾಹುಬಲದಿಂದ ತನ್ನ ರಾಜ್ಯ ನಿಂತಿದೆಯೆಂಬ ಭಯವು ಆ ನಿಷ್ಪಕ್ಷಪಾತದ ಮಾತಿನ ಒಳಗೆ ಅಡಗಿತ್ತು. ಎರಡನೆಯವರು ಕಂಕನ ವೇಷದಲ್ಲಿದ್ದ ಧರ್ಮರಾಜರು. ಅಜ್ಞಾತವಾಸ ಭಂಗವಾದರೆ ಮತ್ತೆ ಹನ್ನೆರಡು ವರ್ಷದ ವನವಾಸವೆಂಬ ಕಾರಣ ಅವರಿಗಿತ್ತು. ಆ ಕಾರಣ ಸುಳ್ಳಲ್ಲ. ಆದರೂ, ಇಲ್ಲಿ ನಿಂತು ಅಳಬೇಡ, ಕಾಲವನ್ನರಿಯದವಳಂತೆ ನಡೆಯಬೇಡ, ರಾಣಿಯ ಮನೆಯೊಳಕ್ಕೆ ಹೋಗು ಎಂದು ಅವರು ಹೇಳಿದ್ದು ಆ ಹೊತ್ತಿನಲ್ಲಿ ದೇವಿಯರ ಎದೆಗೆ ಹೇಗೆ ನಾಟಿರಬೇಕೆಂಬುದನ್ನು ಊಹಿಸಬಹುದು. ಮೂರನೆಯವಳು ಸುದೇಷ್ಣೆ. ತಾನೇ ಕಳುಹಿಸಿದವಳು, ಏನೂ ಅರಿಯದವಳಂತೆ, ನಿನ್ನನ್ನು ಹೊಡೆದವರು ಯಾರು, ಹೇಳಿದರೆ ಕೊಲ್ಲಿಸುತ್ತೇನೆ ಎಂದಳು.

ನಾನು ನೋಡಿಲ್ಲ, ಈಗ ಬೇಡ, ಒಳಗೆ ಹೋಗು, ಅಯ್ಯೋ ಯಾರಮ್ಮಾ ಹೊಡೆದವರು. ಈ ಮೂರು ಉತ್ತರಗಳನ್ನು ರಾಬರ್ಟ್‌ಸನ್‌ಪೇಟೆಯ ಒಂದು ಬೀದಿಯಲ್ಲಿಯೋ ಬಂಗಾರಪೇಟೆಯ ಒಂದು ವಠಾರದಲ್ಲಿಯೋ ನಾವು ಕೇಳಿಲ್ಲವೇ? ಗೋಡೆಯಾಚೆಯಿಂದ ಪಾತ್ರೆ ಬೀಳುವ ಸದ್ದೂ ಹೆಂಗಸೊಬ್ಬಳ ಬಿಕ್ಕೂ ಕೇಳಿಸಿದಾಗ, ಅದು ಗಂಡಹೆಂಡಿರ ವಿಷಯ, ಉಂಡು ಮಲಗುವ ತನಕ, ಎಂದು ಹೇಳಿ ಟೀವಿಯ ಸದ್ದನ್ನು ಏರಿಸುವವನು ವಿರಾಟನಲ್ಲದೆ ಮತ್ತಾರು?

ಆ ರಾತ್ರಿ ದೇವಿಯರು ಮೈ ತೊಳೆದು, ಬಟ್ಟೆ ಒಗೆದುಟ್ಟು, ಯೋಚಿಸಿ, ಅಡುಗೆಮನೆಗೆ ಹೋಗಿ ಮಲಗಿದ್ದ ಭೀಮಸೇನದೇವರನ್ನು ಎಬ್ಬಿಸಿದರು. ಎಲ್ಲವನ್ನೂ ಹೇಳಿಕೊಂಡರು, ಬಹು ದೀರ್ಘವಾಗಿಯೇ ಹೇಳಿಕೊಂಡರು, ಅಧ್ಯಾಯಗಳೇ ಸಂದಿವೆ. ಭೀಮಸೇನದೇವರು ನಡುವೆ ಬಾಯಿ ಹಾಕಲಿಲ್ಲ. ಗಂಧ ತೇಯ್ದು ತೇಯ್ದು ದಡ್ಡುಗಟ್ಟಿದ ಅವರ ಅಂಗೈಗಳನ್ನು ತಮ್ಮ ಮುಖಕ್ಕೆ ಒತ್ತಿಕೊಂಡು ಅತ್ತರು. ಮೊದಲು ಗಡುವಿನ ನೆನಪಿನಿಂದ ಇನ್ನು ಸ್ವಲ್ಪ ಕಾಲ ತಾಳಬೇಕೆಂದು, ಸೀತೆ, ಲೋಪಾಮುದ್ರೆ, ಸುಕನ್ಯೆಯರ ತಾಳ್ಮೆಯನ್ನು ನೆನಪಿಸಿದ್ದೂ ಉಂಟು. ಆದರೆ ಸೂರ್ಯೋದಯಕ್ಕೆ ಕೀಚಕನು ಬದುಕಿದ್ದರೆ ತಾನು ವಿಷ ಕುಡಿಯುವೆನೆಂಬ ಮಾತು ಬಂದೊಡನೆ ಉಪದೇಶವನ್ನು ಅಲ್ಲಿಗೇ ನಿಲ್ಲಿಸಿ ಉಪಾಯಕ್ಕೆ ತೊಡಗಿದರು. ಪತಿವ್ರತೆಯರ ಕಥೆ ಹೇಳುವ ಕಾಲ ಯಾವುದು, ಹೇಳುವುದನ್ನು ನಿಲ್ಲಿಸಬೇಕಾದ ಕಾಲ ಯಾವುದು ಎಂಬುದು ಇಲ್ಲಿಯೇ ತಿಳಿಯುತ್ತದೆ. ಸಾಯುತ್ತೇನೆಂದು ಹೆಣ್ಣುಮಗಳೊಬ್ಬಳು ಹೇಳಿದರೆ ಅದನ್ನು ಹೆದರಿಸುವ ಮಾತೆಂದು ತಳ್ಳಿಹಾಕುವ ಹಿರಿಯರು ಈ ಪ್ರಸಂಗವನ್ನು ಇನ್ನೊಮ್ಮೆ ಓದತಕ್ಕದ್ದು.

ಇದನ್ನು ಕೇಳಿ ಯಾರೂ ಗದೆ ಹುಡುಕಬೇಕಾಗಿಲ್ಲ. ಅಂದು ರಾಜನೇ ಕರ್ತವ್ಯಭ್ರಷ್ಟನಾಗಿದ್ದನು; ಇಂದು ದಂಡಾಧಿಕಾರವು ರಾಜ್ಯದ ಕೈಯಲ್ಲಿದೆ, ಅದನ್ನು ಹೇಗೆ ಎಬ್ಬಿಸಬೇಕೆಂಬುದನ್ನು ಮುಂದೆ ವಿವರಿಸಲಾಗುವುದು.

ಅದಕ್ಕೆ ಮುಂಚೆ ನಮ್ಮವರಲ್ಲಿಯೇ ಕೇಳಿಬರುವ ಎರಡು ಆಕ್ಷೇಪಗಳನ್ನು ನಿವಾರಿಸಬೇಕು. ಮೊದಲನೆಯದು, ಇದೆಲ್ಲ ಅವಳ ಪ್ರಾರಬ್ಧ, ಅನುಭವಿಸಿಯೇ ತೀರಬೇಕು, ಎಂಬುದು. ಪ್ರಾರಬ್ಧವುಂಟು, ನಿಜ. ಆದರೆ ಜ್ವರ ಬಂದಾಗ ಪ್ರಾರಬ್ಧವೆಂದು ಔಷಧವನ್ನು ಬಿಡುವವರನ್ನು ನಾವು ಕಂಡಿಲ್ಲ. ಮಗನಿಗೆ ಬೆಮೆಲ್ ಕಾರ್ಖಾನೆಯಲ್ಲಿ ಕೆಲಸ ಸಿಗಲಿಲ್ಲವೆಂದು ಪ್ರಯತ್ನವನ್ನು ಬಿಡುವವರನ್ನೂ ಕಂಡಿಲ್ಲ. ಸೊಸೆಯ ಮೈಮೇಲಿನ ಬಾಸುಂಡೆಗೆ ಮಾತ್ರ ಪ್ರಾರಬ್ಧವು ನೆನಪಾಗುವುದು ವಿಚಿತ್ರ. ಒಬ್ಬರು ದುಃಖವನ್ನುಣ್ಣುವುದು ಅವರ ಪೂರ್ವಕರ್ಮದಿಂದ ಎಂದೇ ಇಟ್ಟುಕೊಂಡರೂ, ಆ ದುಃಖವನ್ನು ಬಡಿಸಿದವನಿಗೆ ಹೊಸದಾಗಿ ಪಾಪ ಬರುವುದು ತಪ್ಪುವುದಿಲ್ಲ. ಅದನ್ನು ಕಂಡೂ ಸುಮ್ಮನಿದ್ದವನು ವಿಹಿತ ಕರ್ಮವನ್ನು ಬಿಟ್ಟವನೇ ಆಗುವನು. ಎರಡನೆಯದು ಪಾತಿವ್ರತ್ಯದ ಆಕ್ಷೇಪ. ಪತಿವ್ರತೆಯಾದವಳು ಮನೆಯ ಮಾತನ್ನು ಹೊರಗೆ ಹೇಳಬಾರದಂತೆ. ಪ್ರಾತಃಸ್ಮರಣೀಯರಾದ ಐವರಲ್ಲಿ ಒಬ್ಬರಾದ ದ್ರೌಪದೀದೇವಿಯರು ಕುರುಸಭೆಯಲ್ಲಿ ಹಿರಿಯರೆಲ್ಲರ ಮುಂದೆ ಪ್ರಶ್ನೆ ಕೇಳಿದರು, ವಿರಾಟನ ಸಭೆಯಲ್ಲಿ ದೂರು ಹೇಳಿದರು. ಅವರ ಪಾತಿವ್ರತ್ಯಕ್ಕೆ ಇದರಿಂದ ಕುಂದು ಬಂತೆಂದು ಯಾವ ವ್ಯಾಖ್ಯಾನಕಾರರೂ ಬರೆದಂತಿಲ್ಲ. ನಮ್ಮ ಸೀಮೆಯಲ್ಲಿ ಅವರನ್ನೇ ಶಕ್ತಿಯೆಂದು ತಲೆಯ ಮೇಲೆ ಹೊತ್ತು ಕರಗವನ್ನಾಡುತ್ತಾರೆ.

ಭಾಗವತದ ತೃತೀಯ ಸ್ಕಂಧದಲ್ಲಿ ಕಪಿಲರೂಪಿಯಾದ ಭಗವಂತನು ದೇವಹೂತಿದೇವಿಗೆ ಉಪದೇಶಿಸುವಾಗ, ಸರ್ವಜೀವರಲ್ಲಿಯೂ ಅಂತರ್ಯಾಮಿಯಾಗಿ ನಿಂತಿರುವ ತನ್ನನ್ನು ಕಡೆಗಣಿಸಿ ಕೇವಲ ಪ್ರತಿಮೆಯನ್ನು ಪೂಜಿಸುವವನು ಬೂದಿಯಲ್ಲಿ ಆಹುತಿಯನ್ನು ಹಾಕಿದವನಿಗೆ ಸಮನೆಂದು ತಿಳಿಸಿರುವನು. ಬೆಳಿಗ್ಗೆ ಸಾಲಿಗ್ರಾಮಕ್ಕೆ ಅಭಿಷೇಕ ಮಾಡಿದ ಕೈ ಸಂಜೆ ಪತ್ನಿಯ ಕೆನ್ನೆಯ ಮೇಲೆ ಬಿದ್ದರೆ, ಬೆಳಗಿನ ಪೂಜೆ ಯಾರಿಗೆ ಸಂದಿತು? ಇದು ಉತ್ಪ್ರೇಕ್ಷೆಯಲ್ಲ; ನಮ್ಮ ಸಿದ್ಧಾಂತದ ನೇರವಾದ ಅರ್ಥ.

ನಮ್ಮ ಮನೆಗಳಲ್ಲಿ ಇಂಥದೆಲ್ಲ ಇಲ್ಲ, ಅದೆಲ್ಲ ಕುಡಿಯುವವರ ಮನೆಯ ಮಾತು, ಎಂದು ಹೇಳುವವರಿದ್ದಾರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತು 2019-21ರಲ್ಲಿ ನಡೆಯಿತು. ಅದರಂತೆ ಕರ್ನಾಟಕದಲ್ಲಿ 18ರಿಂದ 49 ವಯಸ್ಸಿನೊಳಗಿನ, ವಿವಾಹವಾದ ಸ್ತ್ರೀಯರಲ್ಲಿ ಶೇಕಡ 44.4 ಮಂದಿ ಪತಿಯ ಹಿಂಸೆಯನ್ನು ಎಂದಾದರೊಮ್ಮೆ ಅನುಭವಿಸಿದವರು. 2015-16ರ ಸುತ್ತಿನಲ್ಲಿ ಈ ಸಂಖ್ಯೆ ಶೇಕಡ 20.6 ಆಗಿತ್ತು. ಇಡೀ ದೇಶದ ಸರಾಸರಿ ಶೇಕಡ 29.3. ಹೆಚ್ಚಿದ್ದು ಹಿಂಸೆಯೋ, ಬಾಯಿಬಿಟ್ಟು ಹೇಳುವ ಧೈರ್ಯವೋ ಎಂಬ ಚರ್ಚೆಯನ್ನು ಪಂಡಿತರಿಗೆ ಬಿಡೋಣ. ಹಿಂಸೆಗೊಳಗಾದವರಲ್ಲಿ ನೆರವು ಕೇಳಿದವರು ದೇಶದಲ್ಲಿ ನೂರಕ್ಕೆ 14 ಮಂದಿ ಮಾತ್ರ. 77 ಮಂದಿ ಯಾರಿಗೂ ಹೇಳಿಯೇ ಇಲ್ಲ. ಹೇಳದವರು ಯಾವ ಜಾತಿ, ಯಾವ ಮಠದ ಶಿಷ್ಯರು ಎಂಬುದನ್ನು ಹೊರಗಿನಿಂದ ಹೇಗೆ ನಿರ್ಣಯಿಸುವುದು?

ಹಿಂಸೆಯೆಂದರೆ ಹೊಡೆತವೊಂದೇ ಅಲ್ಲ. 2005ರಲ್ಲಿ ಅಂಗೀಕೃತವಾಗಿ 2006ರ ಅಕ್ಟೋಬರ್ 26ರಂದು ಜಾರಿಗೆ ಬಂದ, ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ ಕಾಯಿದೆಯು ದೈಹಿಕ, ಲೈಂಗಿಕ, ಮಾತಿನ ಮತ್ತು ಮಾನಸಿಕ, ಹಾಗೂ ಆರ್ಥಿಕ ಹಿಂಸೆಗಳೆಲ್ಲವನ್ನೂ ಹೆಸರಿಸಿದೆ. ಕಾಯಿದೆಯ ಭಾಷೆಯನ್ನು ಬಿಟ್ಟು ನಮ್ಮ ಮನೆಯ ಭಾಷೆಯಲ್ಲಿ ನೋಡುವುದಾದರೆ, ಶಾಕವ್ರತದ ತಿಂಗಳಿನಲ್ಲಿ ಮೆಣಸಿನ ಸಾರು ರುಚಿಯಾಗಲಿಲ್ಲವೆಂದು ತಟ್ಟೆಯನ್ನು ಎಸೆಯುವುದು ಒಂದು ದಿನದ ಕೋಪವಿರಬಹುದು. ಆ ತಟ್ಟೆಯ ಸದ್ದಿಗೆ ಹೆದರಿ ಸೊಸೆಯೂ ಮಕ್ಕಳೂ ದಿನವೂ ಗಂಡಸಿನ ಮುಖ ನೋಡಿಕೊಂಡು ಉಸಿರಾಡುವಂತಾದರೆ ಅದು ಕೋಪವಲ್ಲ, ಆಳ್ವಿಕೆ. ಮಡಿಯ ಹೆಸರಿನಲ್ಲಿ ಬಾಣಂತಿಯನ್ನು ಮೂರು ಗಂಟೆಯವರೆಗೆ ಉಪವಾಸವಿಡುವುದು ಆಚಾರವಲ್ಲ. ಅಶಕ್ತರಿಗೆ ಅನುಕಲ್ಪವನ್ನು ಹೇಳಿರುವ ಶಾಸ್ತ್ರಕ್ಕೆ ಅದು ವಿರುದ್ಧ. ಮುಟ್ಟಿನ ದಿನಗಳನ್ನೇ ನೆವಮಾಡಿಕೊಂಡು ಅನ್ನವನ್ನು ನಾಯಿಗೆ ಹಾಕಿದಂತೆ ಹಾಕುವುದು, ತವರಿನವರು ಕೊಟ್ಟದ್ದನ್ನು ದಿನವೂ ತೂಗಿ ನೋಡುವುದು, ಬೆಂಗಳೂರಿಗೆ ಹೋಗಿ ದುಡಿದು ತಂದ ಸಂಬಳವನ್ನು ಒಂದನೆಯ ತಾರೀಖೇ ಕಸಿದುಕೊಂಡು ರೈಲಿನ ಪಾಸಿಗೂ ಕೈಯೊಡ್ಡುವಂತೆ ಮಾಡುವುದು, ಮೊಬೈಲನ್ನು ಕಿತ್ತಿಟ್ಟುಕೊಳ್ಳುವುದು, ಹೆಣ್ಣು ಹೆತ್ತಳೆಂದು ಹೆಸರಿಡುವುದು, ಇವೆಲ್ಲವೂ ಆ ಪಟ್ಟಿಯಲ್ಲಿಯೇ ಸೇರುತ್ತವೆ. ಗಂಡನು ಹೆಂಡತಿಯ ಇಷ್ಟವಿಲ್ಲದೆ ಬಲವಂತ ಮಾಡುವುದೂ ಹಿಂಸೆಯೇ. ಈ ಮಾತನ್ನು ದೇವಸ್ಥಾನದ ಪತ್ರಿಕೆಯಲ್ಲಿ ಬರೆಯಬಹುದೇ ಎಂದು ಕೆಲವರಿಗೆ ಸಂಕೋಚವಾಗಬಹುದು. ಬರೆಯದಿದ್ದರೆ ಆ ಸಂಕೋಚದಿಂದ ಅನುಕೂಲವಾಗುವುದು ಬಲವಂತ ಮಾಡುವವನಿಗೆ.

ಹೊರಗಿನವರಾದ ನಮಗೆ ಇದು ಕಾಣುವುದು ಹೇಗೆ? ಪ್ರತಿ ಶುಕ್ರವಾರ ಅರಿಶಿನ ಕುಂಕುಮಕ್ಕೆ ಬರುತ್ತಿದ್ದ ಮುತ್ತೈದೆ ಕಾರಣವಿಲ್ಲದೆ ನಿಂತುಹೋಗುವಳು. ಜ್ಯೇಷ್ಠ ಶುದ್ಧ ಚತುರ್ದಶಿಯಂದು ಮುಳಬಾಗಿಲಿನ ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ಆರಾಧನೆಗೆ ವರ್ಷವೂ ಬರುತ್ತಿದ್ದವಳು ಬಂದರೂ ಪಂಕ್ತಿಯಲ್ಲಿ ಕುಳಿತು ಎರಡು ಮಾತನಾಡದೆ ಗಂಡನ ಕಡೆ ನೋಡುತ್ತ ಎದ್ದುಬಿಡುವಳು. ಬೇಸಿಗೆಯಲ್ಲಿಯೂ ಸೆರಗನ್ನು ತೋಳಿನ ತುಂಬ ಹೊದ್ದಿರುವಳು. ಬಚ್ಚಲಿನಲ್ಲಿ ಜಾರಿದೆ ಎಂಬ ಕಾರಣ ವರ್ಷಕ್ಕೆ ನಾಲ್ಕು ಸಲ ಬರುವುದು. ತವರಿನವರು ಫೋನು ಮಾಡಿದರೆ ಉತ್ತರವೆಲ್ಲ ಹ್ಞೂಂ, ಚೆನ್ನಾಗಿದ್ದೇನೆ ಎಂಬಷ್ಟರಲ್ಲಿ ಮುಗಿಯುವುದು. ಮಕ್ಕಳು ಗಂಡಸಿನ ದನಿ ಏರಿದೊಡನೆ ಮೂಲೆ ಸೇರುವರು. ಒಂದೇ ಲಕ್ಷಣದಿಂದ ನಿರ್ಣಯಕ್ಕೆ ಬರಬಾರದು. ಆದರೆ ಎರಡು ಮೂರು ಕೂಡಿದಾಗ, ಒಬ್ಬಳೇ ಇರುವ ಹೊತ್ತಿನಲ್ಲಿ, ಮನೆಯಲ್ಲಿ ನಿನಗೆ ಹೆದರಿಕೆಯಾಗುತ್ತದೆಯೇನಮ್ಮಾ ಎಂದು ಮೆಲ್ಲಗೆ ಕೇಳುವುದರಲ್ಲಿ ದೋಷವಿಲ್ಲ. ಇಲ್ಲವೆಂದರೆ ಬಿಡಿ, ಬಾಗಿಲು ತೆರೆದಿದೆಯೆಂದು ತಿಳಿಸಿರಿ. ಎರಡನೆಯ ಸಲ ಕೇಳಿದಾಗ ಹೇಳುವವರು ಬಹಳ.

ದೇವಸ್ಥಾನಕ್ಕೆ ಬರುವವರ ವಿಷಯದಲ್ಲಿ ಅರ್ಚಕರ ಮನೆಯಲ್ಲಿ ಬೆಳೆದ ನನಗೆ ಒಂದು ಮಾತು ಅನುಭವದಿಂದ ಗೊತ್ತು. ಹೆಂಗಸರು ನೇರವಾಗಿ ಹೊಡೆತದ ಮಾತನ್ನು ಎತ್ತುವುದಿಲ್ಲ. ಯಜಮಾನರಿಗೆ ಸಿಟ್ಟು ಹೆಚ್ಚಾಗಿದೆ, ಜಾತಕದಲ್ಲಿ ಕುಜ ಹೇಗಿದ್ದಾನೆ ನೋಡಿ, ಮನ್ಯುಸೂಕ್ತ ಪಾರಾಯಣ ಮಾಡಿಸಬಹುದೇ, ಶಾಂತಿ ಮಾಡಿಸಿದರೆ ಸರಿಹೋಗುತ್ತದೆಯೇ, ಎಂದು ಆರಂಭಿಸುವರು. ಕುಜನ ಸ್ಥಾನವನ್ನು ನೋಡುವ ಮುಂಚೆ ಆ ಸಿಟ್ಟು ಕೈಯವರೆಗೆ ಬಂದಿದೆಯೇ ಎಂಬುದನ್ನು ವಿಚಾರಿಸತಕ್ಕದ್ದು. ಪಾರಾಯಣವನ್ನು ಮಾಡಿಸಲಿ, ಅದು ಶ್ರೇಯಸ್ಕರವೇ. ಆದರೆ ಪಾರಾಯಣ ಮುಗಿಯುವ ನಲವತ್ತೆಂಟು ದಿನಗಳವರೆಗೆ ಅವಳು ಆ ಮನೆಯಲ್ಲಿ ಸುರಕ್ಷಿತಳೇ ಎಂಬುದನ್ನು ಕೇಳದೆ ಸಂಕಲ್ಪ ಹೇಳುವುದು ಪುರೋಹಿತನ ಧರ್ಮವಲ್ಲ. ಇನ್ನೊಂದು ಮಾತು. ಅವಳು ಹೇಳಿದ್ದನ್ನು ಆ ದಿನವೇ ಗಂಡನನ್ನು ಕರೆಸಿ ಎದುರುಬದುರು ಕೂರಿಸಿ ರಾಜಿ ಮಾಡಿಸುವ ಅಭ್ಯಾಸ ನಮ್ಮ ಹಿರಿಯರಲ್ಲಿದೆ. ಉದ್ದೇಶ ಒಳ್ಳೆಯದಿರಬಹುದು. ದೇವರ ಮುಂದೆ ಕೈಮುಗಿದು ಹೋದವನು ಮನೆಯ ಕದ ಹಾಕಿದ ಮೇಲೆ, ನನ್ನ ಮಾನ ಕಳೆದೆಯಾ ಎಂದು ಶುರುಮಾಡಿದರೆ ಬಿಡಿಸಲು ನಾವು ಅಲ್ಲಿರುವುದಿಲ್ಲ.

ನಮ್ಮ ಊರಿನ ಸ್ಥಿತಿಯನ್ನೂ ಇಲ್ಲಿ ನೆನೆಯಬೇಕು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದ ಬಳಿಕ ಸಂಬಳದ ಮನೆಗಳು ಒಮ್ಮೆಗೇ ಬರಿದಾದವು. ಅಂದಿನಿಂದ ಮಾರಿಕುಪ್ಪಂ, ಚಾಂಪಿಯನ್, ಊರ್ಗಾಂ, ಕೋರಮಂಡಲದ ಜನ ಕತ್ತಲಿನಲ್ಲೆದ್ದು ರೈಲು ಹಿಡಿದು ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ದುಡಿಯಹೋಗಿ ರಾತ್ರಿ ಹಿಂತಿರುಗುವುದು ರೂಢಿಯಾಯಿತು. ಕೆಲಸ ಕಳೆದುಕೊಂಡ ಅವಮಾನ, ಪ್ರಯಾಣದ ಆಯಾಸ, ಸಾಲ, ಕುಡಿತ, ಇವು ಅನೇಕ ಮನೆಗಳನ್ನು ಹಿಂಡಿದ್ದು ಸತ್ಯ. ಆದರೆ ಕಷ್ಟವು ಹಿಂಸೆಗೆ ಕಾರಣವೆಂಬ ಮಾತನ್ನು ಅರ್ಧವಷ್ಟೇ ಒಪ್ಪಬಹುದು. ಅದೇ ರೈಲಿನಲ್ಲಿ ಅದೇ ಆಯಾಸದಿಂದ ಬಂದು ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟು ಮಲಗುವ ಗಂಡಸರೂ ಸಾವಿರಾರು ಮಂದಿ ಇದ್ದಾರೆ. ಮೇಲಧಿಕಾರಿಯ ಮುಂದೆ ಹಲ್ಲು ಕಚ್ಚಿ ಸಹಿಸುವವನು ಮನೆಯಲ್ಲಿ ಮಾತ್ರ ಸಹಿಸಲಾರೆನೆಂದರೆ, ಸಿಟ್ಟು ಅವನ ವಶದಲ್ಲಿಯೇ ಇದೆಯೆಂದಾಯಿತು.

ಹೋಗುವುದೆಲ್ಲಿಗೆ ಎಂಬ ಪ್ರಶ್ನೆ ಇಲ್ಲಿ ಬಹು ದೊಡ್ಡದು. ಮನೆ ಗಂಡನ ಹೆಸರಿನಲ್ಲಿಲ್ಲ, ಮಾವನ ಹೆಸರಿನಲ್ಲಿದೆ, ಅಥವಾ ಬಾಡಿಗೆಯದು. ಇಂಥಲ್ಲಿ, ಹೊರಡು ಎಂದರೆ ಹೊರಡಬೇಕಲ್ಲವೇ ಎಂದು ಹೆಂಗಸರು ತಿಳಿದಿದ್ದಾರೆ. ಹಾಗಿಲ್ಲ. 2005ರ ಕಾಯಿದೆಯ 17ನೆಯ ಕಲಮು ಅವಳಿಗೆ ಕೂಡಿ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕನ್ನು ಕೊಟ್ಟಿದೆ, ಆಸ್ತಿಪತ್ರದಲ್ಲಿ ಅವಳ ಹೆಸರಿರಲಿ ಬಿಡಲಿ. ಬಾಡಿಗೆ ಮನೆಗೂ ಇದು ಅನ್ವಯಿಸುವುದು. ಅತ್ತೆ ಮಾವಂದಿರ ಹೆಸರಿನ ಮನೆಯೂ ಈ ವ್ಯಾಖ್ಯೆಯೊಳಗೆ ಬರಬಹುದೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ ತೀರ್ಮಾನಿಸಿತು. 2016ರ ಇನ್ನೊಂದು ತೀರ್ಪಿನಿಂದ, ಹಿಂಸೆ ಕೊಡುವವರು ಅತ್ತೆ ನಾದಿನಿಯರಾದರೂ ಅವರ ಮೇಲೆ ಅರ್ಜಿ ಹಾಕಬಹುದಾಗಿದೆ. ಈ ಕಾಯಿದೆಯು ಪತ್ನಿಗಷ್ಟೇ ಅಲ್ಲ. ತಾಯಿ, ಅಕ್ಕತಂಗಿಯರು, ಮನೆಯಲ್ಲಿ ಕೂಡಿ ಬಾಳುವ ವಿಧವೆಯಾದ ಅತ್ತಿಗೆ, ಎಲ್ಲರಿಗೂ ಒದಗುತ್ತದೆ.

ನೆರವು ಕೋರುವ ಕ್ರಮವೆಂತು? ಪ್ರಾಣಭಯವಿರುವ ಗಳಿಗೆಯಲ್ಲಿ 112ಕ್ಕೆ ಕರೆ ಮಾಡತಕ್ಕದ್ದು. ಪೊಲೀಸರ ವಾಹನ ಬರುವುದು. ಕೋಲಾರ ಜಿಲ್ಲೆಯೊಳಗಿದ್ದರೂ ಕೆ.ಜಿ.ಎಫ್.ಗೆ ಪ್ರತ್ಯೇಕ ಪೊಲೀಸ್ ವರಿಷ್ಠಾಧಿಕಾರಿಗಳಿದ್ದಾರೆ, ಬಂಗಾರಪೇಟೆಯ ಠಾಣೆಯೂ ಅವರ ವ್ಯಾಪ್ತಿಯೊಳಗಿನದು. ಠಾಣೆಯವರು ನಮ್ಮ ಸರಹದ್ದಲ್ಲವೆಂದು ಹಿಂದಕ್ಕೆ ಕಳುಹಿಸುವಂತಿಲ್ಲ. ಎಲ್ಲಿ ದೂರು ಕೊಟ್ಟರೂ ದಾಖಲಿಸಿಕೊಂಡು ಸಂಬಂಧಪಟ್ಟ ಠಾಣೆಗೆ ಕಳುಹಿಸಬೇಕೆಂಬುದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಸಂಹಿತೆಯ ನಿಯಮ. ಹಿಂದೆ 498ಎ ಎಂದು ಪ್ರಸಿದ್ಧವಾಗಿದ್ದ, 1983ರಲ್ಲಿ ಬಂದ ಕಲಮು ಈಗ ಭಾರತೀಯ ನ್ಯಾಯ ಸಂಹಿತೆಯ 85ನೆಯ ಕಲಮಾಗಿದೆ. ಮಾತನಾಡಿ ದಾರಿ ತಿಳಿಯಬೇಕೆನ್ನುವವರಿಗೆ ಮಹಿಳಾ ಸಹಾಯವಾಣಿ 181, ಮಕ್ಕಳ ವಿಷಯಕ್ಕೆ 1098.

ಎಲ್ಲರೂ ಠಾಣೆಯ ಮೆಟ್ಟಿಲು ಹತ್ತಲಿಚ್ಛಿಸುವುದಿಲ್ಲ, ಹತ್ತಲೇಬೇಕೆಂದೂ ಇಲ್ಲ. ಗಂಡನನ್ನು ಸೆರೆಮನೆಗೆ ಕಳುಹಿಸುವುದು ಅನೇಕರ ಅಪೇಕ್ಷೆಯಲ್ಲ. ಹೊಡೆತ ನಿಂತರೆ ಸಾಕು ಎಂಬುದಷ್ಟೇ ಅಪೇಕ್ಷೆ. 2005ರ ಕಾಯಿದೆ ಇಂಥವರಿಗಾಗಿಯೇ ಇದೆ. ಅದರಡಿಯಲ್ಲಿ ಸಂರಕ್ಷಣಾಧಿಕಾರಿ ಎಂಬವರುಂಟು. ನಮ್ಮ ರಾಜ್ಯದ ತಾಲ್ಲೂಕುಗಳಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ ಈ ಹೊಣೆಯನ್ನು ವಹಿಸಲಾಗಿದೆ. ಅವರ ಕಚೇರಿ ಎಲ್ಲಿದೆಯೆಂದು ತಿಳಿಯದಿದ್ದರೆ ಬೀದಿಯ ಅಂಗನವಾಡಿಯ ಕಾರ್ಯಕರ್ತೆಯನ್ನು ಕೇಳಿದರಾಯಿತು, ಅವರು ಆ ಕಚೇರಿಯ ಕೆಳಗೇ ಕೆಲಸ ಮಾಡುವವರು. ಮಗುವಿಗೆ ಪೌಷ್ಟಿಕ ಆಹಾರ ತರಲು ಹೋಗುವೆನೆಂದು ಹೊರಟ ಹೆಂಗಸನ್ನು ಯಾರೂ ಅನುಮಾನಿಸುವುದಿಲ್ಲವೆಂಬುದೂ ಒಂದು ಅನುಕೂಲ! ಅಧಿಕಾರಿಗಳು ನಡೆದದ್ದನ್ನು ಬರೆದುಕೊಂಡು ವರದಿಯನ್ನು ಮ್ಯಾಜಿಸ್ಟ್ರೇಟರಿಗೆ ಸಲ್ಲಿಸುವರು. ನ್ಯಾಯಾಲಯವು ಹಿಂಸೆ ಮಾಡಕೂಡದೆಂಬ ರಕ್ಷಣಾದೇಶ, ಮನೆಯಿಂದ ಹೊರಹಾಕಕೂಡದೆಂಬ ಆದೇಶ, ಜೀವನಾಂಶ, ಮಕ್ಕಳ ವಶ, ಪರಿಹಾರ ಇವನ್ನು ಕೊಡಬಲ್ಲುದು. ತುರ್ತಿದ್ದರೆ ಎದುರುಪಕ್ಷದವರನ್ನು ಕೇಳುವ ಮುಂಚೆಯೇ ತಾತ್ಕಾಲಿಕ ಆದೇಶವನ್ನು ಹೊರಡಿಸಬಲ್ಲುದು. ರಕ್ಷಣಾದೇಶವನ್ನು ಮೀರಿದವನಿಗೆ ಒಂದು ವರ್ಷದವರೆಗೆ ಸೆರೆವಾಸ, 20,000 ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನಗಳೊಳಗೆ, ತೀರ್ಮಾನ 60 ದಿನಗಳೊಳಗೆ ಆಗಬೇಕೆಂದು ಕಾಯಿದೆ ಹೇಳುವುದು. ನ್ಯಾಯಾಲಯಗಳಲ್ಲಿ ಇದು ಪಾಲನೆಯಾಗುವುದು ಅಪರೂಪವೆಂಬುದನ್ನು ಮುಚ್ಚಿಡುವುದು ಬೇಡ. ಆದ್ದರಿಂದಲೇ ತಾತ್ಕಾಲಿಕ ಆದೇಶವನ್ನು ಮೊದಲ ದಿನವೇ ಕೇಳಿಕೊಳ್ಳಬೇಕು.

ವಕೀಲರ ಖರ್ಚಿಗೆ ಹೆದರಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಸ್ತ್ರೀಯರಿಗೆ ವರಮಾನವೆಷ್ಟೇ ಇರಲಿ ಉಚಿತ ವಕೀಲರ ನೆರವುಂಟು. ಕೆ.ಜಿ.ಎಫ್. ಮತ್ತು ಬಂಗಾರಪೇಟೆಯ ನ್ಯಾಯಾಲಯಗಳಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ವಿಚಾರಿಸಬಹುದು, ಅಥವಾ 15100ಕ್ಕೆ ಕರೆ ಮಾಡಬಹುದು. ತಲೆಮರೆಸಿಕೊಳ್ಳಲು ತಕ್ಷಣ ಸ್ಥಳ ಬೇಕಾದರೆ ಜಿಲ್ಲೆಗೊಂದರಂತಿರುವ ಸಖಿ ಕೇಂದ್ರವನ್ನು 181ರ ಮೂಲಕ ತಲುಪಬಹುದು. ಅಲ್ಲಿ ವೈದ್ಯಕೀಯ ನೆರವು, ಸಲಹೆ, ಕಾನೂನಿನ ದಾರಿ, ಐದು ದಿನಗಳವರೆಗೆ ತಂಗುವ ವ್ಯವಸ್ಥೆ ಒಂದೇ ಸೂರಿನಡಿ ಇರತಕ್ಕದ್ದೆಂಬುದು 2015ರಲ್ಲಿ ಆರಂಭವಾದ ಆ ಯೋಜನೆಯ ಉದ್ದೇಶ. ಗಾಯವಾಗಿದ್ದರೆ ಸರಕಾರಿ ಆಸ್ಪತ್ರೆಗೆ ಹೋಗಿ ಬಿದ್ದೆನೆಂದು ಹೇಳದೆ ಹೊಡೆದರೆಂದೇ ಹೇಳಿ ಬರೆಸಬೇಕು. ಆ ಚೀಟಿ ಮುಂದೆ ಸಾಕ್ಷಿಯಾಗುವುದು.

ನೆರೆಹೊರೆಯವರಿಗೊಂದು ಮಾತು. ಹಿಂಸೆ ನಡೆದಿದೆ ಅಥವಾ ನಡೆಯಲಿದೆ ಎಂದು ನಂಬಲು ಕಾರಣವುಳ್ಳ ಯಾರೇ ಆಗಲಿ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಸದ್ಭಾವನೆಯಿಂದ ತಿಳಿಸಿದವನ ಮೇಲೆ ಯಾವ ಹೊಣೆಯೂ ಬಾರದೆಂದು ಅದೇ ಕಾಯಿದೆಯ 4ನೆಯ ಕಲಮಿನಲ್ಲಿದೆ. ನಾನು ನೋಡಿಲ್ಲವೆಂಬ ವಿರಾಟನ ಮಾತಿಗೆ ಈಗ ಆಸ್ಪದವಿಲ್ಲ.

ಮನೆಯನ್ನು ಬಿಡಲು ನಿಶ್ಚಯಿಸಿದವಳು ಅದನ್ನು ಜಗಳದ ನಡುವೆ ಸಾರಿ ಹೇಳಬಾರದು. ಬಿಟ್ಟುಹೋಗುವಳೆಂದು ತಿಳಿದ ಗಳಿಗೆಯೇ ಹೆಚ್ಚು ಅಪಾಯದ್ದೆಂಬುದು ಈ ಕೆಲಸದಲ್ಲಿರುವವರ ಅನುಭವ. ಆಧಾರ್, ಪಡಿತರ ಚೀಟಿ, ಬ್ಯಾಂಕಿನ ಪುಸ್ತಕ, ಮಕ್ಕಳ ಜನನಪತ್ರ, ಮದುವೆಯ ಲಗ್ನಪತ್ರಿಕೆ ಮತ್ತು ಫೋಟೋ, ಔಷಧಗಳು, ಸ್ವಲ್ಪ ಹಣ, ಇವುಗಳನ್ನು ಒಂದು ಚೀಲದಲ್ಲಿ ನಂಬಿಕೆಯ ಮನೆಯಲ್ಲಿ ಇಟ್ಟಿರುವುದು ಲೇಸು. ಆ ನಂಬಿಕೆಯ ಮನೆ ನಮ್ಮದಾಗಲಿ ಎಂದು ಸುಮಂಗಲಿಯರು ಪರಸ್ಪರ ಹೇಳಿಕೊಳ್ಳಬಹುದು. ಬಾಗಿನ ಕೊಟ್ಟುಕೊಳ್ಳುವ ಸ್ನೇಹಕ್ಕೆ ಅಷ್ಟು ಭಾರ ಹೆಚ್ಚಲ್ಲ.

ಒಡವೆಗಳ ವಿಷಯ ಬಂದಾಗ ಮನೆಯ ಗೌರವದ ಮಾತು ಎತ್ತುವವರಿಗೆ ಶಾಸ್ತ್ರವನ್ನೇ ತೋರಿಸಬೇಕಾಗಿದೆ. ಸ್ತ್ರೀಧನವು ಸ್ತ್ರೀಯದೇ. ಯಾಜ್ಞವಲ್ಕ್ಯಸ್ಮೃತಿಯ ಪ್ರಕಾರ ಕ್ಷಾಮ, ಅವಶ್ಯಕವಾದ ಧರ್ಮಕಾರ್ಯ, ವ್ಯಾಧಿ, ಬಂಧನ, ಈ ನಾಲ್ಕು ಸಂಕಟಗಳಲ್ಲಿ ತೆಗೆದುಕೊಂಡದ್ದನ್ನು ಮಾತ್ರ ಪತಿಯು ಹಿಂದಿರುಗಿಸಲು ಬದ್ಧನಲ್ಲ, ಉಳಿದದ್ದಕ್ಕೆಲ್ಲ ಬದ್ಧನೇ. ಆ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು. 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವೂ ಸ್ತ್ರೀಧನವು ಅವಳ ಪೂರ್ಣ ಸ್ವತ್ತೆಂದೇ ಹೇಳಿತು. ಕೆ.ಜಿ.ಎಫ್.ನವರಿಗೆ ಚಿನ್ನದ ತೂಕವನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ, ಯಾರ ಚಿನ್ನವೆಂಬುದು ಮಾತ್ರ ಮರೆತುಹೋಗುತ್ತದೆ.

ಗಂಡನ ಮನೆಯಿಂದ ಹೊರಬಂದು ತವರಿನಲ್ಲಿರುವವಳಿಗೆ ಭೀಮನ ಅಮಾವಾಸ್ಯೆಯ ವ್ರತವುಂಟೇ ಎಂಬ ಪ್ರಶ್ನೆಯೂ ಬರುವುದುಂಟು. ಕನ್ಯೆಯರೂ ಆಚರಿಸುವ ವ್ರತವಿದು. ಮನೆ ಬದಲಾದ ಮಾತ್ರಕ್ಕೆ ಅವಳ ಮಾಂಗಲ್ಯವೂ ಹೋಗುವುದಿಲ್ಲ, ಅಧಿಕಾರವೂ ಹೋಗುವುದಿಲ್ಲ. ಮಾಡಬೇಕೆನ್ನಿಸಿದರೆ ಮಾಡಲಿ, ಮನಸ್ಸಿಲ್ಲದಿದ್ದರೆ ಬಲವಂತವಿಲ್ಲ. ಅರಿಶಿನ ಕುಂಕುಮಕ್ಕೆ ಕರೆಯುವಾಗ ಅವಳನ್ನು ಬಿಟ್ಟು ಮುಂದಿನ ಮನೆಗೆ ಹೋಗುವ ಅಭ್ಯಾಸಕ್ಕೆ ಶಾಸ್ತ್ರದ ಆಧಾರವಿಲ್ಲ.

ವೃದ್ಧರ ಸಂಗತಿಯನ್ನು ಮರೆಯಬಾರದು. ಮಗನೂ ಸೊಸೆಯೂ ಸೇರಿ ಪಿಂಚಣಿಯ ಹಣ ಕಸಿದು, ಔಷಧ ಕೊಡದೆ, ಮನೆಯನ್ನು ಬರೆಸಿಕೊಂಡು ಹೊರಗಿನ ಜಗಲಿಗೆ ಹಾಕಿರುವ ತಂದೆತಾಯಿಗಳೂ ನಮ್ಮಲ್ಲಿದ್ದಾರೆ. ಅವರಿಗೆ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯಿದೆಯುಂಟು, ಸಹಾಯವಾಣಿ 14567. ನೋಡಿಕೊಳ್ಳುವೆನೆಂಬ ಷರತ್ತಿನ ಮೇಲೆ ಬರೆಸಿಕೊಂಡು ನೋಡಿಕೊಳ್ಳದಿದ್ದರೆ ಆ ದಾನಪತ್ರವನ್ನು ರದ್ದುಪಡಿಸಲು 23ನೆಯ ಕಲಮಿನಲ್ಲಿ ಅವಕಾಶವಿದೆ. ಷರತ್ತನ್ನು ಪತ್ರದಲ್ಲಿಯೇ ಬರೆಸಿರುವುದು ಕ್ಷೇಮ. ಅರ್ಜಿಯನ್ನು ಉಪವಿಭಾಗಾಧಿಕಾರಿಗಳ ಮುಂದೆ ಕೋಲಾರದಲ್ಲಿ ಸಲ್ಲಿಸತಕ್ಕದ್ದು. ಜೀವನಾಂಶದ ಅರ್ಜಿಯನ್ನು ನೋಟೀಸು ತಲುಪಿದ 90 ದಿನಗಳಲ್ಲಿ ತೀರ್ಮಾನಿಸಬೇಕೆಂಬುದು ನಿಯಮ. ಅಲ್ಲಿಯವರೆಗೆ ಹೋಗಲಾರದ ವೃದ್ಧರ ಪರವಾಗಿ ಅವರು ಅಧಿಕಾರವಿತ್ತ ಬೇರೆ ಯಾರಾದರೂ ಅರ್ಜಿ ಕೊಡಬಹುದು. ಕನ್ನಡದಲ್ಲಿಯೇ ಬರೆದು ಕೊಡಬಹುದು, ಬರೆಯಲು ಬಾರದವರಿಗೆ ಬರೆದುಕೊಡಬಲ್ಲ ಓದಿದ ಹುಡುಗರು ನಮ್ಮ ಪ್ರತಿ ಬೀದಿಯಲ್ಲಿಯೂ ಇದ್ದಾರೆ.

ಶ್ರೀಕೃಷ್ಣಾರ್ಪಣಮಸ್ತು